ನೊರಿಯೋ, ಕರಿ ಚಾನೋ?

ಕಾಲೇಜಿಗೆ ಕೈಮುಗದು ಬಂದ ಮ್ಯಾಲ ನಾ ಹಿರೇಕೆರೂರಾಗ ಒಬ್ಬ ಡಾಕ್ಟರ ಜೀಪು ಹೊಡೀತಿದ್ದೆ. ಒಮ್ಮೆ ಮಾಸೂರಾಗ ಒಂದು ಮನಿ ಮುಂದ ಅವರು ಜೀಪು ನಿಲ್ಲಿಸಂದ್ರು. ಕಟ್ಟಿ ಮ್ಯಾಲ ಕುಂತಿದ್ದ ನಾಕು ವರ್ಷದ ಹುಡುಗಿ ಗುಂಡಗ ಲಾಡು ಆಗಿತ್ತು.

"ಕೂಸಿನ ಮಾರಿ ಯಾಕ ಬಾತೈತೆವಾ?" ಅಂದ್ರು ಡಾಕ್ಟರು, ಬಾಗಲದಾಗ ನಿಂತಿದ್ದ ಹುಡುಗಿ ಅವ್ವಗ.

ಅವ್ವಗ ಸಿಟ್ಟು ಬಂತು. "ದೃಷ್ಟಿ ಹಾಕಬ್ಯಾಡ್ರಿ! ದಿನಾ ಬೆಣ್ಣಿ ತಿನಸ್ತೇನಿ, ಈಗರ ಮೈ ಹಿಡದಾಳ."

ಡಾಕ್ಟರು ಹುಡುಗಿ ಕಾಲು ಹೆಬ್ಬಟ್ಟಿಲೆ ಒತ್ತಿ ಬಿಟ್ರು. ಕಣಕದಾಗ ಬಿದ್ದಂಗ ಗುಳಿ ಹಂಗ ಉಳೀತು. ಅವ್ವನ ಮಾರಿ ಸಣ್ಣದಾತು.

"ಇದು ಬೆಣ್ಣಿ ಅಲ್ಲವಾ, ನೀರು. ಉಚ್ಚಿ ಹೆಂಗ ಬರತೈತಿ, ಕರಿ ಚಾದಂಗೋ, ನೊರಿ ನೊರಿಯಾಗೋ?"

"ನೊರಿರೀ, ಆಗಷ್ಟ ಹಿಂಡಿದ ಹಾಲಿನಂಗ. ನನ್ನ ಮಗಳು ಉಳೀತಾಳಲ್ರೀ?"

ತಾಯಿ-ಮಗಳನ್ನ ಜೀಪಿನಾಗ ಕರಕೊಂಡು ಬಂದ್ವಿ. ದವಾಖಾನ್ಯಾಗ ಉಚ್ಚಿ ಕಾಸಿದ್ರ ಒಡದ ಹಾಲಿನಂಗ ಬೆಳ್ಳಗ ಗಟ್ಟಿ ಆತು.

"ಈ ಕಿಡ್ನಿ ಬ್ಯಾನ್ಯಾಗ ಎರಡು ನಮೂನಿ. ಉಚ್ಚ್ಯಾಗ ರಕ್ತ ಹೋಗಿ ಚಾದ ಬಣ್ಣ ಬಂದು ಬಿ.ಪಿ. ಏರಿದ್ರ ನೆಫ್ರೈಟಿಕ್," ಅಂದ್ರು ಡಾಕ್ಟರು ನನಗ. "ಹಿಂಗ ಪ್ರೋಟೀನು ಸೋರಿ, ನೊರಿ ಬಂದು, ಮೈಯೆಲ್ಲಾ ಬಾತ್ರ ನೆಫ್ರೋಟಿಕ್. ಔಷಧ ಬ್ಯಾರೆ ಬ್ಯಾರೆ."

"ಇಂಥಾ ಅವಳಿ-ಜವಳಿ ಹೆಸರು ನೋಡೇ ನಾ ಕಾಲೇಜು ಬಿಟ್ಟದ್ದು, ಸಾಹೇಬ್ರ."

ಕೆಲವು ತಿಂಗಳು ಗುಳಿಗಿ ನುಂಗಿ ಹುಡುಗಿ ಬಾವು ಇಳೀತು. ಮತ್ತ ಮಾಸೂರಿಗೆ ಹೋದಾಗ ಕೂಸು ಜೀಪಿನ ಹಿಂದ ಓಡಿ ಬಂತು, ಸಣ್ಣ ಕಡ್ಡಿ ಆಗಿ.

"ಗುಂಡಗಿದ್ದ ಮಗಳನ್ನ ಒಣಗಿಸಿಬಿಟ್ರಲ್ರೀ," ಅಂತ ಅವ್ವ ನಕ್ಕೋತ ಬೈದ್ಲು. ಆಮ್ಯಾಲ ನನ್ನ ಕಡೆ ಹೊಳ್ಳಿ, "ಏನ್ ಕುಡೀತಿ ತಮ್ಮಾ? ಕರಿ ಚಾ ಮಾಡಲೋ, ನೊರಿ ಹಾಲು ಕೊಡಲೋ?"

"ನೀರು ಕೊಡಬೇ," ಅಂದೆ.