ಬುಗುರಿ ಲಾಲಮಾಮಾ

ಐವತ್ತು ದಾಟಿದ, ಗಡ್ಡ ನೆರೆತ ಮನುಷ್ಯನೊಬ್ಬ ಇಂಡಿ ಊರಿನ ಬಜಾರದಲ್ಲಿ ಅಂಗೈ ಮೇಲೆ ಬುಗುರಿ ಆಡಿಸುತ್ತ ಗಿರಾಕಿಗಳ ಜೊತೆ ಮಾತಾಡುವುದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನೇ ಬಡಗಿ ಲಾಲಸಾಬ. ಅವ್ವ ಅವನನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಲಾಲಮಾಮಾ. ಬುಗುರಿ ನಿಲ್ಲುವ ತನಕ ಗಿರಾಕಿ ಕಾಯಬೇಕು. ಬೈದರೆ ಚೀಲದಿಂದ ಇನ್ನೊಂದು ತೆಗೆಯುತ್ತಿದ್ದ!

ಕೆಲಸದಲ್ಲಿ ಮಾತ್ರ ಮಹಾ ಹಟಮಾರಿ. ಮಣೆ ಜಾರಿ ಯಾರಾದರೂ ಎಡವಿದರೆ ಅವರನ್ನು ಬೈಯಲು ಬಿಡುತ್ತಿರಲಿಲ್ಲ. "ಮನಷ್ಯಾಗ ಯಾಕ ಬೈತೀರಿ? ಮಣೀಗೆ ಬೈರಿ, ಇಲ್ಲಾ ಮಾಡಿದ ನನಗ ಬೈರಿ" ಅನ್ನುತ್ತಿದ್ದ. ಇನ್ನೊಂದು ಮಾತಂತೂ ದಿನಾ ಇರುತ್ತಿತ್ತು: "ಕೆಲಸಾ ಮಾಡೂಮುಂದ ಕೈಯಾಗಿನ ಸಾಮಾನು ನೆನಪಾಗಬಾರ್ದ್ರಿ. ನೆನಪಾತಂದ್ರ ಅದರಾಗ ಏನೋ ತಪ್ಪೈತಿ."

ಒಂದು ಸುಗ್ಗಿಯಲ್ಲಿ ಅವ್ವ ಚಕ್ಕಡಿ ಗಾಡಿಯಿಂದ ಬಿದ್ದು ಎಡಗೈ ಮುರಿದುಕೊಂಡಳು. ಎಲುಬು ಕೂಡಿತು, ಆದರೆ ಮಣಿಕಟ್ಟು ಬಾಗಲಿಲ್ಲ. ರೊಟ್ಟಿ ಬಡಿಯುವಾಗ ಬಲಗೈ ತಟ್ಟಬೇಕು, ಎಡಗೈ ಅಂಚು ಕಾಯಬೇಕು. ಅವ್ವ ಬಡಿದದ್ದೆಲ್ಲ ಹರಿದು ಚೂರಾಗುತ್ತಿತ್ತು. ಓಣಿಯವರು ಪಾಪ, ಸರತಿಯ ಮೇಲೆ ರೊಟ್ಟಿ ಕೊಡುತ್ತಿದ್ದರು. ಅದನ್ನು ನಮಗೆ ಬಡಿಸುವಾಗ ಅವ್ವನ ಕಣ್ಣಲ್ಲಿ ನೀರು.

"ಮಂದಿ ಬಡದ ರೊಟ್ಟಿ ಎಷ್ಟ ದಿನಾ ಹಾಕಲಿ ನನ್ನ ಮಕ್ಕಳಿಗೆ, ಲಾಲಣ್ಣಾ?"

ಲಾಲಮಾಮಾ ರುಮಾಲು ಬಿಚ್ಚಿ ತನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟಿಸಿಕೊಂಡು, ಒಲೆಯ ಮುಂದೆ ಕೂತು ತಾನೇ ರೊಟ್ಟಿ ಬಡಿಯತೊಡಗಿದ. ಅಬ್ಬಬ್ಬಾ! ಮೂಗು, ಮೀಸೆ, ಗಡ್ಡ, ಎಲ್ಲೆಲ್ಲೂ ಹಿಟ್ಟು. ಬಾಗಿಲಲ್ಲಿ ಓಣಿಗೆ ಓಣಿಯೇ ನೆರೆಯಿತು.

"ಇದೇನಪಾ ಇದು?" ಎಂದು ನಮ್ಮ ಆಯಿ, ಅಂದರೆ ಅಜ್ಜಿ, ಆ ರೊಟ್ಟಿ ನೋಡಿ ಕೇಳಿದಳು.

"ಕನ್ನೊಳ್ಳಿ ಊರ ಹಾದಿರಿ ಆಯಿ. ತಗ್ಗು ಸುದ್ಧಾ ಅದಾವ ನೋಡ್ರಿ!"

ಕೆಟ್ಟ ರೊಟ್ಟಿಗಳನ್ನೆಲ್ಲ ತಾನೇ ತಿಂದು ಹೋದ.

ವಾರ ಕಳೆದು ದುಂಡನೆಯ ಹಲಗೆ ತಂದ. ಎಡಗೈಯ ಬದಲಿಗೆ ಸುತ್ತಲೂ ಸಣ್ಣ ಕಟ್ಟೆ. ತಟ್ಟಿದಂತೆ ತಿರುಗಲೆಂದು ಅಡಿಯಲ್ಲಿ ಬುಗುರಿಯ ಮೊಳೆ. ಮಾಡಿದವನು ಬುಗುರಿಯ ಹುಚ್ಚ, ಕೇಳಬೇಕೆ! ಅವ್ವ ಒಂದೇ ಪೆಟ್ಟು ತಟ್ಟಿದಳು. ಹಲಗೆ ಗಿರ್ರೆಂದಿತು, ಹಿಟ್ಟು ಹಾರಿತು, ಊಟಕ್ಕೆ ಕೂತಿದ್ದ ಅಪ್ಪನ ತಲೆಯ ಮೇಲೆ ಟೊಪ್ಪಿಗೆಯಾಗಿ ಕೂತಿತು.

"ಏನ್ ತಿರಗತೈತಿ ನೋಡ್ರಿ! ಏನ್ ತಿರಗತೈತಿ!" ಎಂದು ಲಾಲಮಾಮಾ ಕುಣಿದ. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೈ ಮುರಿದ ಮೇಲೆ ಅವಳು ಮೊದಲ ಸಲ ನಕ್ಕದ್ದು ಅವತ್ತೇ.

ವೇಗ ತಗ್ಗಿಸಲು ಹಲಗೆಯ ತಳಕ್ಕೆ ತೊಗಲು ಹಚ್ಚುತ್ತೇನೆಂದ. ತೊಗಲು ಒಳಗೆ ಬಂದರೆ ನಾನು ಹೊರಗೆ ಎಂದಳು ಆಯಿ. ಕೊನೆಗೆ ಕಂಬಳಿಯ ತುಂಡು ಹಚ್ಚಿದ. ಮರುದಿನ ಅವ್ವನ ರೊಟ್ಟಿ ಹುಣ್ಣಿಮೆಯ ಚಂದ್ರನ ಹಾಗೆ ದುಂಡಗೆ ಬಂದು ಹಂಚಿನ ಮೇಲೆ ಉಬ್ಬಿತು. ಖುಷಿ ತಡೆಯದೆ ಲಾಲಮಾಮಾ ಅಡುಗೆಮನೆಯಲ್ಲೇ ಬುಗುರಿ ಬಿಟ್ಟ.

ವರ್ಷಗಳ ಮೇಲೆ ಕಾಯಿಲೆ ಬಿದ್ದು ಸಿಂದಗಿಯಲ್ಲಿದ್ದ ಮಗಳ ಮನೆ ಸೇರಿದ. ಅವ್ವ ರೊಟ್ಟಿ ಕಟ್ಟಿಕೊಂಡು ಅವನನ್ನು ನೋಡಲು ಹೊರಟಳು, ನಾನೂ ಹೋದೆ.

"ತಂಗೀ, ಹಲಗಿ ಹೆಂಗೈತಿ?"

"ಯಾವ ಹಲಗಿ, ಅಣ್ಣಾ?"

ಅವ್ವ ನಾಲಿಗೆ ಕಚ್ಚಿಕೊಂಡಳು. ದಿನವೂ ಅದರ ಮೇಲೇ ಬಡಿಯುತ್ತಿದ್ದಳು, ನಿಜವಾಗಿಯೂ ಮರೆತಿದ್ದಳು! ಲಾಲಮಾಮಾ ಹಾಸಿಗೆ ಬಡಿಬಡಿದು ನಕ್ಕ. "ಕೇಳಿದ್ರ್ಯಾ? ಯಾವ ಹಲಗಿ ಅಂತಾಳ! ಗೆದ್ನೆಪಾ ನಾ ಗೆದ್ದೆ!"

ಅವನು ಹೋದ ಸುದ್ದಿ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ಹಲಗೆಯನ್ನು ನೋಡುತ್ತ ಕೂತುಬಿಟ್ಟಳು. ಅವತ್ತು ನಮಗೆ ಓಣಿಯವರೇ ರೊಟ್ಟಿ ಕೊಟ್ಟರು.