ಎಣ್ಣೆ ಪೈಪಿಗೆ ಕಟ್ಟಿದ ತಂತಿ

ಕಳೆದ ವರ್ಷ ದೀಪಾವಳಿ ಮುಗಿದ ಮರುವಾರ ನಡೆದದ್ದಿದು. ಚಳ್ಳಕೆರೆಯಲ್ಲಿರುವ ನಮ್ಮ ಚಿಕ್ಕಪ್ಪ ತಿಪ್ಪೇಸ್ವಾಮಿ ತಮ್ಮ ಹಳೆಯ ಲಾರಿಯ ಎಂಜಿನ್ನನ್ನು ಪೂರ್ತಿ ಬಿಚ್ಚಿಸಿ ರಿಪೇರಿ ಮಾಡಿಸಿದ್ದರು. ಬೇರಿಂಗುಗಳು ಮತ್ತೆ ಸವೆಯದಿರಲೆಂದು ಈ ಸಲ ಎರಡು ಹೊಸ ಸಾಧನಗಳನ್ನೂ ಹಾಕಿಸಿದ್ದರು. ಒಂದು, ಎಂಜಿನ್ ಸ್ಟಾರ್ಟ್ ಆಗುವ ಮೊದಲೇ ಒಣಗಿದ ಬೇರಿಂಗುಗಳಿಗೆ ಆಯಿಲ್ ತಲುಪಿಸುವ ಸಣ್ಣ ಕರೆಂಟ್ ಪಂಪು. ಇನ್ನೊಂದು, ಗಾಡಿ ಓಡುತ್ತಿರುವಾಗಲೇ ಸ್ವಲ್ಪ ಆಯಿಲನ್ನು ಪಕ್ಕದ ದಾರಿಯಿಂದ ಎಳೆದು, ಮಾಮೂಲಿ ಫಿಲ್ಟರಿಗೆ ಸಿಗದ ನುಣ್ಣನೆಯ ಕೊಳೆಯನ್ನು ಸೋಸಿ ಹಿಂದಿರುಗಿಸುವ ಸೈಡ್ ಫಿಲ್ಟರು. ಅದಕ್ಕೆ ಆಯಿಲ್ ಒಯ್ಯುವ ರಬ್ಬರ್ ಪೈಪು ಎಂಜಿನ್ನಿನ ಮಗ್ಗುಲಲ್ಲೇ ಹಾದುಹೋಗುತ್ತಿತ್ತು. ಇದನ್ನೆಲ್ಲ ಜೋಡಿಸಿದವರು ಚಿಕ್ಕಪ್ಪನ ಹಳೆಯ ಗೆಳೆಯ, ಮೆಕ್ಯಾನಿಕ್ ಬಾಷಾ.

ನಾನು ಆಗಷ್ಟೇ ಎಂ.ಎ. ಮುಗಿಸಿ ಊರಿಗೆ ಬಂದಿದ್ದೆ. ಲಾರಿ ಶೇಂಗಾ ಹೊಟ್ಟು ಹೇರಿಕೊಂಡು ಸಿದ್ದಾಪುರಕ್ಕೆ ಹೊರಟಾಗ, ಅಲ್ಲಿಯ ಶಾಸನದ ಬಂಡೆಯನ್ನು ನೋಡುವ ಆಸೆಯಿಂದ ನಾನೂ ಹತ್ತಿದೆ. ಹೊಟ್ಟು ಇಳಿಸಲು ಬಂದಿದ್ದ ಹೆಂಗಸರು ಎಂದಿನಂತೆ ಲೋಡಿನ ಮೇಲೆ ಕುಳಿತಿದ್ದರು. ಹಾಗೆ ಕೂರಿಸುವುದು ತಪ್ಪೆಂದು ನಾನು ಆಕ್ಷೇಪಿಸಿದಾಗ, ಅವರಲ್ಲಿ ಹಿರಿಯಳಾದ ಓಬಕ್ಕ ಮೇಲಿನಿಂದಲೇ ನಕ್ಕಳು.

“ಇಲ್ಲಿ ಗಾಳಿ ಚೆನ್ನಾಗೈತೆ ಬಿಡವ್ವ. ನಿಮ್ಮ ಚಿಕ್ಕಪ್ಪನ ಬೀಡಿ ಹೊಗೆನಾದ್ರೂ ತಪ್ತೈತೆ.”

ಮೊಳಕಾಲ್ಮೂರು ದಾಟಿ, ಬಂಡೆಗುಡ್ಡಗಳ ನಡುವಿನ ಇಳಿಜಾರಿಗೆ ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ದೀಪ ಕೆಂಪಗೆ ಹತ್ತಿತು. ಹಿಂದೆಯೇ ಸುಟ್ಟ ಎಣ್ಣೆಯ ವಾಸನೆ. ನೋಡುತ್ತಿದ್ದಂತೆ ಎಂಜಿನ್ ಮುಚ್ಚಳದ ಸಂದಿನಿಂದ ಹೊಗೆ ಕ್ಯಾಬಿನ್ನಿನೊಳಗೆ ನುಗ್ಗಿತು.

“ಚಿಕ್ಕಪ್ಪಾ, ಎಂಜಿನ್ ಆಫ್ ಮಾಡು.”

“ಇಳಿಜಾರೈತೆ. ಆಫ್ ಮಾಡಿದ್ರೆ ಸ್ಟೇರಿಂಗ್ ಕಲ್ಲಾಗ್ತೈತೆ. ಕೆಳಗೆ ಮಟ್ಟಸ ಜಾಗ ಸಿಗ್ಲಿ.”

“ಮೇಲೆ ಜನ ಇದಾರೆ.”

ಅವರು ಲಾರಿಯನ್ನು ಎಡಕ್ಕೆ ಒತ್ತಿ, ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಮುಂದಿನ ಚಕ್ರವನ್ನು ಆನಿಸಿ ನಿಲ್ಲಿಸಿದರು. ಎಂಜಿನ್ ಸುಮ್ಮನಾಯಿತು. ಆ ಮೌನದಲ್ಲಿ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಚುರುಗುಟ್ಟುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ಕೆಳಗಿಳಿದು ಬಗ್ಗಿ ನೋಡಿದೆ. ನೀಲಿಯಾಗಿ ಒಂದು ಜ್ವಾಲೆ ಎದ್ದಿತ್ತು. ಅದರ ಮೇಲಕ್ಕೆ, ಕೈಯಳತೆಯಲ್ಲಿ, ಕಡ್ಡಿ ಗೀರಿದರೆ ಭಗ್ಗೆನ್ನುವಷ್ಟು ಒಣಗಿದ ಹೊಟ್ಟು. ಹೊಟ್ಟಿನ ಮೇಲೆ ಹೆಂಗಸರು.

“ಇಳೀರಿ, ಬೆಂಕಿ ಹತ್ತೈತೆ” ಎಂದು ಚಿಕ್ಕಪ್ಪ ಕೂಗಿದರು.

ಲೋಡಿಗೆ ಬಿಗಿದಿದ್ದ ಹಗ್ಗ ಹಿಡಿದು ಒಬ್ಬೊಬ್ಬರಾಗಿ ಜಾರಿದರು. ಕೆಳಗೆ ಬಂದವರು ಓಡಿಹೋಗಲಿಲ್ಲ. ಸೆರಗಿನಲ್ಲಿ ದಿಬ್ಬದ ಮಣ್ಣು ಬಾಚಿ ತಂದು ಜ್ವಾಲೆಯ ಮೇಲೆ ಸುರಿಯತೊಡಗಿದರು. ನಾನೂ ಸುರಿದೆ. ಓಬಕ್ಕ ಮಾತ್ರ ಮೇಲೆಯೇ ಇದ್ದಳು. ಅವಳ ಮಂಡಿ ಮಡಚುತ್ತಿರಲಿಲ್ಲ.

“ನನ್ನ ಬಿಡ್ರೇ, ಬೆಂಕಿ ನೋಡ್ರಿ ಮೊದ್ಲು” ಎಂದಳು.

ಚಿಕ್ಕಪ್ಪ ಲೋಡಿನ ಮೇಲೆ ಹತ್ತಿ, ಅವಳ ತೋಳಿನ ಕೆಳಗೆ ಹಗ್ಗ ಸುತ್ತಿ ಇಳಿಬಿಟ್ಟರು. ಅವಳ ಪಾದ ನನ್ನ ಭುಜಕ್ಕೆ ತಾಗಿದಾಗಲೂ ಹೊಗೆ ಏಳುತ್ತಲೇ ಇತ್ತು. ಕೊನೆಗೆ ಮಣ್ಣು ಗೆದ್ದಿತು.

ಎಂಜಿನ್ ತಣ್ಣಗಾದ ಮೇಲೆ ಮುಚ್ಚಳ ಎತ್ತಿದೆವು. ಗಾಡಿಗೆ ಹೊಸದೇನು ಹಾಕಿಸಿದರೂ ಪೂಜೆ ಮಾಡಿ, ನಿಂಬೆಹಣ್ಣು ಮೆಣಸಿನಕಾಯಿಗಳನ್ನು ತಂತಿಯಲ್ಲಿ ಪೋಣಿಸಿ ಕಟ್ಟುವುದು ಚಿಕ್ಕಪ್ಪನ ಪದ್ಧತಿ. ಕಟ್ಟಿದ್ದನ್ನು ಮುಂದಿನ ಅಮಾವಾಸ್ಯೆಯ ತನಕ ಬಿಚ್ಚುವಂತಿಲ್ಲ. ಈ ಸಲ ಹೊಸ ವಸ್ತುಗಳು ಎಂಜಿನ್ನಿನ ಬಳಿ ಇದ್ದುದರಿಂದ ಅಲ್ಲಿಯೇ ಕಟ್ಟಿದ್ದರು: ಪಂಪಿಗೆ ಒಂದು, ಸೈಡ್ ಫಿಲ್ಟರಿನ ಪೈಪಿಗೆ ಒಂದು. ಎಂಜಿನ್ನಿನ ಅದುರಾಟಕ್ಕೆ ಆ ತಂತಿ ಗರಗಸದಂತೆ ಉಜ್ಜಿ ಉಜ್ಜಿ ಪೈಪನ್ನು ಕೊಯ್ದುಹಾಕಿತ್ತು. ತೂತಿನ ಪಕ್ಕದಲ್ಲಿ ಕಪ್ಪಾದ ನಿಂಬೆಹಣ್ಣು ತೂಗುತ್ತಿತ್ತು.

ಚಿಕ್ಕಪ್ಪ ಕೈಮುಗಿದರು. “ನೋಡು, ಇದೇ ನಮ್ಮನ್ನ ಕಾಪಾಡಿದ್ದು.”

ಪೈಪು ಕೊಯ್ದದ್ದೂ ಅದೇ ಎಂದು ನಾನು ಬಾಯಿಬಿಡುವ ಮೊದಲೇ ಓಬಕ್ಕ ಕೇಳಿದಳು: “ಅಲ್ಲ ತಿಪ್ಪೇಸಣ್ಣ, ನಾವು ಸುಟ್ಟುಹೋಗಿದ್ರೆ ನಮ್ಮ ಮಕ್ಳು ಯಾರ್ನ ಕೇಳ್ಬೇಕಿತ್ತು? ನಿನ್ನನ್ನೋ, ನಿಂಬೆಹಣ್ಣನ್ನೋ?”

ಚಿಕ್ಕಪ್ಪ ಮುಗಿದಿದ್ದ ಕೈ ಇಳಿಸಿದರು.

ಬೇರೊಂದು ಲಾರಿ ನಮ್ಮದನ್ನು ಚಳ್ಳಕೆರೆಗೆ ಎಳೆದು ತಂದಿತು. ಎಂಜಿನ್ ಉಳಿದಿತ್ತು; ನನ್ನ ಸಿಟ್ಟು ಇಳಿದಿರಲಿಲ್ಲ. ಮರುದಿನ ಬೆಳಿಗ್ಗೆ ತೂತುಬಿದ್ದ ಪೈಪನ್ನು ಹಿಡಿದು ಚಿಕ್ಕಪ್ಪನೊಂದಿಗೆ ಬಾಷಾ ಅವರ ವರ್ಕ್‌ಶಾಪಿಗೆ ಹೋದೆ.

“ಇಲ್ಲೇ ಪೂಜೆ ಆದ ಮೇಲೆ ಗಾಡಿ ಬಿಟ್ಟುಕೊಟ್ಟವರು ನೀವು. ಈ ತಂತಿ ನಿಮಗೆ ಕಾಣಲಿಲ್ಲವೇ?”

“ಕಂಡಿತ್ತಮ್ಮ” ಎಂದರು ಬಾಷಾ.

“ಕಂಡೂ ಸುಮ್ಮನಿದ್ದಿರಾ?”

ಅವರು ಪೈಪನ್ನು ಕೈಯಲ್ಲಿ ತಿರುಗಿಸಿ ನೋಡಿದರು. “ಪೂಜೆ ಮಾಡಿ ಕಟ್ಟಿದ್ದು. ನನ್ನಂಥೋನು ಅದಕ್ಕೆ ಕೈ ಹಾಕಿದ್ರೆ ಬೀದಿಯೋರು ಏನಂತಿದ್ರು? ಈಗಿನ ದಿನ ಹೆಂಗೈತೆ ಅಂತ ಓದಿದೋರು ನಿಮಗೆ ಗೊತ್ತಿಲ್ವಾ?”

“ಲೇ ಬಾಷಾ, ನನ್ನ ಕಿವೀಲಿ ಒಂದ್ ಮಾತು ಹಾಕೋಕೆ ಏನಾಗಿತ್ತು ನಿಂಗೆ?” ಎಂದರು ಚಿಕ್ಕಪ್ಪ.

“ನಿನಗೆ ಹೇಳ್ಬೋದಿತ್ತಣ್ಣ. ಪೂಜೆಗೆ ಬಂದಿದ್ದ ನಿನ್ನ ಜನ ಸುತ್ತ ನಿಂತಿದ್ರಲ್ಲ. ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ. ಆಮೇಲೆ ಅನ್ನೋದು ಬರ್ಲಿಲ್ಲ.”

ಹೊಣೆ ಯಾರದೆಂದು ಬೆರಳು ಚಾಚಿ ತೋರಿಸಲು ಹೋದವಳು ನಾನು. ಬಾಷಾ ಹೇಳಬೇಕಿತ್ತು, ಹೇಳದಿದ್ದುದು ತಪ್ಪೇ, ಅದನ್ನು ನಾನು ಈಗಲೂ ಮನ್ನಿಸುವುದಿಲ್ಲ. ಆದರೆ ಕಣ್ಣೆದುರಿನ ಅಪಾಯವನ್ನು ಅಪಾಯವೆಂದು ಹೇಳಲು ಒಬ್ಬ ಮೆಕ್ಯಾನಿಕ್ ಅಂಜುವಂತೆ ಮಾಡಿದವರು ಯಾರು? ಪೂಜೆಯ ದಿನ ಅವರ ಸುತ್ತ ನಿಂತಿದ್ದವರು ನಮ್ಮ ಮನೆಯವರು, ನಮ್ಮ ಬೀದಿಯವರು. ಅವರು ಉತ್ತರ ಹೇಳುವವರೆಗೆ ಈ ಪ್ರಶ್ನೆಯನ್ನು ನಾನು ಬಿಡುವವಳಲ್ಲ.

ವರ್ಕ್‌ಶಾಪಿನ ಮುಂದೆ ತಂದು ನಿಲ್ಲಿಸಿದ್ದ ಲಾರಿಯಲ್ಲಿ, ಪಂಪಿಗೆ ಕಟ್ಟಿದ್ದ ಇನ್ನೊಂದು ತಂತಿ ಹಾಗೆಯೇ ಇತ್ತು. ಅಮಾವಾಸ್ಯೆ ಇನ್ನೂ ದೂರವಿತ್ತು. ಚಿಕ್ಕಪ್ಪ ಇಕ್ಕಳವನ್ನು ಎತ್ತಿ ಬಾಷಾ ಅವರ ಮುಂದೆ ಹಿಡಿದರು.

“ತಗೋ, ನೀನೇ ಕತ್ತರಿಸು. ನಾನು ಹೇಳ್ತಿದೀನಲ್ಲ.”

ಬಾಷಾ ಕೂಡಲೇ ಕೈಚಾಚಲಿಲ್ಲ. ಮೊದಲು ರಸ್ತೆಯ ಆ ಕಡೆ ನೋಡಿದರು, ಆಮೇಲೆ ಈ ಕಡೆ ನೋಡಿದರು. ಆನಂತರವೇ ಇಕ್ಕಳ ತೆಗೆದುಕೊಂಡರು. ಲೋಡಿನ ಕೆಳಗೆ ಕಂಡ ಬೆಂಕಿಯನ್ನು ಎಂದಾದರೂ ಮರೆತೇನು. ಆದರೆ ಬಾಷಾ ಅವರ ಆ ನೋಟವನ್ನು ಮರೆಯಲಾರೆ.