ಗೇಟಿನ ಹತ್ತಿರ ಹೇಳುವ ಮಾತು

ಲೈಬ್ರರಿ ತಂತ್ರಾಂಶದ ತೊಂದರೆಗಳಿಗೆ ನಾನು ಬಿಡುವಿನಲ್ಲಿ ಉತ್ತರಿಸುವ ವಿಳಾಸಕ್ಕೆ ಇವತ್ತು ಬೆಳಿಗ್ಗೆ ಅಪರಿಚಿತ ಹುಡುಗಿಯೊಬ್ಬಳ ಇಮೇಲ್ ಬಂತು. ಊರಿನ ಚಳಿ, ನನ್ನ ಆರೋಗ್ಯ, ಮನೆಯವರ ಕ್ಷೇಮ ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ, ತನ್ನ ಲೈಬ್ರರಿಯ ಪುಸ್ತಕದ ಪಟ್ಟಿ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲವೆಂದು ಬರೆದಿದ್ದಳು. ಹುಡುಗಿ ನಮ್ಮ ಮೈಸೂರಿನವಳೇ ಎಂದು ಖಾತ್ರಿಯಾಯಿತು.

ಅಲ್ಲಿನ ವಿದ್ಯಾರಣ್ಯಪುರಂನಲ್ಲಿ ನಮ್ಮಮ್ಮ ಪಕ್ಕದ ಮನೆಗೆ ಶಾವಿಗೆ ಒರಳು ಕೇಳಲು ಹೋದರೆ ಒಂದು ಗಂಟೆ ಕೂತು, ಕಾಫಿ ಕುಡಿದು, ಎದ್ದು ಬಂದು ಗೇಟಿಗೆ ಕೈ ಹಾಕಿದ ಮೇಲೆ, "ಅಂದ ಹಾಗೆ, ನಿಮ್ಮನೆ ಒರಳು ಬೇಕಿತ್ತು ಕಣ್ರೀ" ಅನ್ನುತ್ತಿದ್ದರು. ಬಂದ ತಕ್ಷಣ ಕೇಳುವವರು ಅವರ ಲೆಕ್ಕದಲ್ಲಿ ಒರಟರು. ನಾನು ಅವರ ಮಗಳು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಸರಸ್ವತಿಪುರಂನ ಕಾಲೇಜೊಂದರ ಲೈಬ್ರರಿಯಲ್ಲಿ ನನಗೆ ತಾತ್ಕಾಲಿಕ ಕೆಲಸ. ಪುಸ್ತಕದ ಪಟ್ಟಿಗೆ ಒಂದು ಉಚಿತ ತಂತ್ರಾಂಶ ಹಾಕಿಕೊಂಡಿದ್ದೆವು. ದೂರದೇಶದ ಯಾರೋ ಪುಣ್ಯಾತ್ಮರು ತಮ್ಮ ಬಿಡುವಿನಲ್ಲಿ ಬರೆದು ಲೋಕಕ್ಕೆ ಕೊಟ್ಟದ್ದು. ಅದರ ಹೊಸ ಆವೃತ್ತಿ ಹಾಕಲು ಹೋಗಿ, ವರ್ಷವಿಡೀ ಕೂತು ತುಂಬಿಸಿದ ಪಟ್ಟಿಯನ್ನೇ ಮಾಯ ಮಾಡಿದೆ. ಸೋಮವಾರ ಇನ್‌ಸ್ಪೆಕ್ಷನ್. ಪ್ರಿನ್ಸಿಪಾಲರು, "ಪಟ್ಟಿ ತೋರಿಸ್ದಿದ್ರೆ ಮುಂದಿನ ವರ್ಷಕ್ಕೆ ನಿಮ್ಮ ಹೆಸರು ಹೇಳೋದು ಕಷ್ಟ ಕಣಮ್ಮ" ಅಂದರು.

ಪುಣ್ಯಾತ್ಮರಿಗೆ ಇಮೇಲ್ ಬರೆದೆ. ಅವರ ಕುಟುಂಬದ ಕ್ಷೇಮ ಕೇಳಿದೆ. ದಸರೆಗೆ ಬಂದರೆ ಬನ್ನಿಮಂಟಪದ ಪಂಜಿನ ಕವಾಯತು ತೋರಿಸುತ್ತೇನೆಂದೆ. ಮೊದಲ ಕಾಗದದಲ್ಲೇ ಕಷ್ಟ ತೋಡಿಕೊಳ್ಳುವುದು ಸರಿಯಲ್ಲವೆಂದು ಅಲ್ಲಿಗೇ ನಿಲ್ಲಿಸಿದೆ. ಉತ್ತರ ಬಂತು: "ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಪ್ರಶ್ನೆ ಏನು?" ನನಗೆ ಮುಖ ಚಿಕ್ಕದಾಯಿತು. ಪಟ್ಟಿ ಯಾಕೋ ಸರಿಯಿಲ್ಲ, ಬಿಡುವಾದಾಗ ನೋಡಿ, ಅವಸರವೇನಿಲ್ಲ ಎಂದು ಬರೆದೆ. ಅವರು ಅದನ್ನು ನಂಬಿಬಿಟ್ಟರು! ಶುಕ್ರವಾರವೂ ಸುದ್ದಿಯಿಲ್ಲ.

ನನ್ನ ಒದ್ದಾಟ ನೋಡಿ, ಏನು ಬರೆದೆನೆಂದು ಕೇಳಿ ತಿಳಿದ ಅಟೆಂಡರ್ ಶಿವಣ್ಣ ನಕ್ಕರು. "ಡಾಕ್ಟ್ರ ಹತ್ರ ಓಗಿ, ನೀವು ಚೆನ್ನಾಗಿದೀರಾ ಅಂತ ಅವ್ರನ್ನೇ ಕೇಳ್ತೀರಲ್ಲ ಮೇಡಂ. ಎಲ್ಲಿ ನೋವು ಅಂತ ಹೇಳ್ಬುಡಿ."

ಶನಿವಾರ ಹೇಳಿಬಿಟ್ಟೆ. ಯಾವ ಆವೃತ್ತಿ, ನಾನು ಏನು ಮಾಡಿದೆ, ತೆರೆಯ ಮೇಲೆ ಏನು ಬಂತು, ಸೋಮವಾರ ಏನಿದೆ, ಎಲ್ಲ. ಭಾನುವಾರ ನಾಲ್ಕು ಸಾಲಿನ ಉತ್ತರ: ಪಟ್ಟಿ ಅಳಿದಿಲ್ಲ, ಹೊಸ ಆವೃತ್ತಿ ಅದನ್ನು ಬೇರೆ ಕಡೆ ಹುಡುಕುತ್ತಿದೆ, ಹೀಗೆ ಮಾಡಿ. ಹಾಗೇ ಮಾಡಿದೆ. ಪಟ್ಟಿ ಬಂತು, ಕೆಲಸ ಉಳಿಯಿತು.

ಆಮೇಲೆ ನಾನು ಸುಮ್ಮನಾದೆ. ಉಪಕಾರ ಮಾಡಿದವರಿಗೆ ಥ್ಯಾಂಕ್ಸ್ ಹೇಳಿದರೆ ಅವರನ್ನು ಹೊರಗಿನವರನ್ನಾಗಿ ಮಾಡಿದ ಹಾಗೆ ಎಂಬುದು ನಮ್ಮನೆಯ ಇನ್ನೊಂದು ಮರ್ಯಾದೆ. ಹತ್ತು ದಿನದ ಮೇಲೆ ಅವರೇ ಬರೆದರು: "ಸರಿಹೋಯಿತೇ? ಇನ್ನೂ ಕೆಲವು ಲೈಬ್ರರಿಗಳಿಗೆ ಇದೇ ತೊಂದರೆ. ನಿಮ್ಮಲ್ಲಿ ಸರಿಹೋಯಿತೆಂದು ತಿಳಿಯದೆ ಅವರಿಗೆ ಹೇಳಲು ಧೈರ್ಯವಿಲ್ಲ." ಓದಿ ನಾಚಿಕೆಯಾಗಿ, ಸರಿಹೋಯಿತೆಂದು ಆ ಕ್ಷಣವೇ ಬರೆದೆ. ಆ ಹತ್ತು ದಿನದಲ್ಲಿ ಎಲ್ಲೆಲ್ಲೋ ನನ್ನಂಥವರ ಎಷ್ಟು ಸೋಮವಾರಗಳು ಕಳೆದುಹೋದವೋ.

ಬೆಳಗಿನ ಹುಡುಗಿಗೆ ಕಾಫಿಗೂ ಮುಂಚೆ ಉತ್ತರ ಬರೆದೆ. ಮೊದಲು ಪಟ್ಟಿ ತೆರೆಯುವ ದಾರಿ ಹೇಳಿ, ಕ್ಷೇಮದ ಪ್ರಶ್ನೆಗಳಿಗೆಲ್ಲ ಒಂದೊಂದಾಗಿ ಉತ್ತರಿಸಿ, ಕೊನೆಗೆ ಹೀಗೆ ಸೇರಿಸಿದೆ: "ಪಟ್ಟಿ ತೆರೆದರೂ ಬರಿಯಮ್ಮ, ತೆರೆಯದಿದ್ದರೂ ಬರಿ. ನಾನು ಒಬ್ಬರನ್ನು ಹತ್ತು ದಿನ ಕಾಯಿಸಿದ್ದೇನೆ."